ಬತ್ತದ ಗದ್ದೆಯ ಸೂಜಿಚಿಟ್ಟೆ: ಅದರ ರೂಪ, ವಾಸಸ್ಥಳ ಮತ್ತು ಜೀವನಕ್ರಮ

1. ಪೀಠಿಕೆ

ನಾಟಿಯಾದ ಎರಡು ಮೂರು ವಾರಗಳ ತರುವಾಯ ಬೆಳಗಿನ ಹೊತ್ತಿನಲ್ಲಿ ಬತ್ತದ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ, ಪೈರಿನ ಮೇಲ್ಗಡೆ ಏರೋಪ್ಲೇನ್ ಚಿಟ್ಟೆಗಳು ಹಾರಾಡುತ್ತಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಬದುವಿನ ಮೇಲೆ ಕುಳಿತು, ಪೈರನ್ನು ಕೈಯಿಂದ ಸ್ವಲ್ಪ ಬಗ್ಗಿಸಿ, ಬುಡದ ಕಡೆ ದೃಷ್ಟಿಯಿಟ್ಟು ನೋಡುವವರು ವಿರಳ. ಹಾಗೆ ನೋಡಿದವರಿಗೆ, ನೀರಿನಿಂದ ಒಂದು ಗೇಣಿನ ಎತ್ತರದೊಳಗೆ, ಸೂಜಿಯಂತೆ ತೆಳ್ಳಗಿರುವ ಸಣ್ಣ ಹುಳುಗಳು ಕಾಂಡದಿಂದ ಕಾಂಡಕ್ಕೆ ಸದ್ದಿಲ್ಲದೆ ಸುಳಿಯುತ್ತಿರುವುದು ಕಾಣುವುದು. ಇವು ಏರೋಪ್ಲೇನ್ ಚಿಟ್ಟೆಗಳ ಹತ್ತಿರದ ಬಂಧುಗಳು. ಅವುಗಳ ಮೈಯ ಆಕಾರವನ್ನನುಸರಿಸಿ ಈ ಕರಪತ್ರದಲ್ಲಿ ಅವುಗಳನ್ನು ಸೂಜಿಚಿಟ್ಟೆಗಳೆಂದು ಕರೆದಿದೆ.

ಈ ಹುಳುವನ್ನು ಕುರಿತು ರೈತರಲ್ಲಿ ಎರಡು ಬಗೆಯ ತಪ್ಪು ಭಾವನೆಗಳು ಉಂಟಾಗಬಹುದು. ಗದ್ದೆಯಲ್ಲಿ ಕಾಣುವ ಹುಳುವೆಲ್ಲವೂ ಬೆಳೆಗೆ ಹಗೆಯೆಂದು ತಿಳಿಯುವುದು ಒಂದು; ಇಷ್ಟು ಸಣ್ಣ ಪ್ರಾಣಿಯಿಂದ ಒಳ್ಳೆಯದಾಗಲಿ ಕೆಟ್ಟದಾಗಲಿ ಏನೂ ಆಗದೆಂದು ಉಪೇಕ್ಷಿಸುವುದು ಇನ್ನೊಂದು. ವಾಸ್ತವವಾಗಿ ಸೂಜಿಚಿಟ್ಟೆಯು ಪೈರಿನ ಎಲೆಯನ್ನಾಗಲಿ ಕಾಳನ್ನಾಗಲಿ ಮುಟ್ಟುವುದಿಲ್ಲ. ಮನುಷ್ಯರನ್ನೂ ದನಗಳನ್ನೂ ಕುಟುಕುವುದಿಲ್ಲ. ಹುಟ್ಟಿದಂದಿನಿಂದ ಸಾಯುವವರೆಗೂ ಅದು ಇತರ ಸಣ್ಣ ಪ್ರಾಣಿಗಳನ್ನು ಹಿಡಿದು ತಿಂದೇ ಜೀವಿಸತಕ್ಕದ್ದು. ಅದರ ಆಹಾರದಲ್ಲಿ ಬತ್ತದ ಜಿಗಿಹುಳುಗಳೂ ಸೊಳ್ಳೆಗಳೂ ಸೇರಿವೆ. ಆದುದರಿಂದ ಅದರ ಜೀವನಕ್ರಮವನ್ನು ತಿಳಿದುಕೊಳ್ಳುವುದು ಗದ್ದೆಯುಳ್ಳ ಪ್ರತಿಯೊಬ್ಬನಿಗೂ ಪ್ರಯೋಜನಕರವಾದುದು.

2. ಗುರುತಿಸುವ ಬಗೆ

ಸೂಜಿಚಿಟ್ಟೆಯನ್ನು ದೊಡ್ಡ ಏರೋಪ್ಲೇನ್ ಚಿಟ್ಟೆಯಿಂದ ಬೇರ್ಪಡಿಸಿ ಗುರುತಿಸಲು ಮೂರು ಲಕ್ಷಣಗಳು ಸಾಕು. ಮೊದಲನೆಯದಾಗಿ, ಕುಳಿತಾಗ ದೊಡ್ಡದು ತನ್ನ ನಾಲ್ಕು ರೆಕ್ಕೆಗಳನ್ನೂ ಎರಡು ಪಕ್ಕಗಳಿಗೆ ಚಾಚಿಕೊಂಡಿರುತ್ತದೆ. ಗದ್ದೆಯ ಸೂಜಿಚಿಟ್ಟೆಗಳು ರೆಕ್ಕೆಗಳನ್ನು ಬೆನ್ನಿನ ಮೇಲೆ ಒಂದಕ್ಕೊಂದು ತಗುಲುವಂತೆ ಮಡಿಸಿಕೊಳ್ಳುತ್ತವೆ. ಎರಡನೆಯದಾಗಿ, ದೊಡ್ಡದರಲ್ಲಿ ಹಿಂದಿನ ರೆಕ್ಕೆಯ ಬುಡವು ಮುಂದಿನದಕ್ಕಿಂತ ಅಗಲವಾಗಿರುತ್ತದೆ. ಸೂಜಿಚಿಟ್ಟೆಯಲ್ಲಿ ಎರಡು ಜೊತೆ ರೆಕ್ಕೆಗಳೂ ಒಂದೇ ಆಕಾರದವು, ಬುಡದಲ್ಲಿ ಕಿರಿದಾದವು. ಮೂರನೆಯದಾಗಿ, ದೊಡ್ಡವುಗಳಲ್ಲಿ ಸಾಮಾನ್ಯವಾಗಿ ಎರಡು ಕಣ್ಣುಗಳು ನೆತ್ತಿಯಲ್ಲಿ ಕೂಡಿಕೊಂಡಿರುತ್ತವೆ. ಸೂಜಿಚಿಟ್ಟೆಯ ಕಣ್ಣುಗಳು ತಲೆಯ ಎರಡು ತುದಿಗಳಲ್ಲಿ ದೂರದೂರವಾಗಿ ಉಬ್ಬಿಕೊಂಡಿರುವುವು.

ನಮ್ಮ ಗದ್ದೆಗಳಲ್ಲಿಯೂ ಕೆರೆಯಂಚುಗಳಲ್ಲಿಯೂ ಸಾಮಾನ್ಯವಾಗಿ ಕಾಣಬರುವ ಮೂರು ಜಾತಿಗಳನ್ನು ಇಲ್ಲಿ ವಿವರಿಸಿದೆ.

(ಅ) ನೀಲಿಬಾಲದ ಸೂಜಿಚಿಟ್ಟೆ. ಶಾಸ್ತ್ರದಲ್ಲಿ ಇದಕ್ಕೆ ಇಷ್ನೂರ ಸೆನೆಗಲೆನ್ಸಿಸ್ ಎಂದು ಹೆಸರು. ಉದ್ದ ಸುಮಾರು 30 ಮಿಲಿಮೀಟರು, ಎಂದರೆ ಒಂದಂಗುಲಕ್ಕೆ ತುಸು ಹೆಚ್ಚು. ಗಂಡಿನ ಎದೆಯ ಪಕ್ಕಗಳು ಹಸಿರು ಅಥವಾ ನೀಲಿ. ಹೊಟ್ಟೆಯ ಮೇಲ್ಭಾಗವು ಕಪ್ಪು. ಬಾಲದ ತುದಿಯ ಹತ್ತಿರ ಮಾತ್ರ ಹೊಳೆಯುವ ನೀಲಿಯ ಪಟ್ಟಿಯಿರುವುದು. ಹೆಣ್ಣುಗಳಲ್ಲಿ ಕೆಲವು ಗಂಡಿನ ಬಣ್ಣವನ್ನೇ ಹೋಲುತ್ತವೆ. ಮಿಕ್ಕವು ಎಳೆತನದಲ್ಲಿ ಕಿತ್ತಳೆಯ ಬಣ್ಣವಾಗಿದ್ದು, ಬಲಿತಮೇಲೆ ಮಾಸಲು ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗುತ್ತವೆ. ಆಫ್ರಿಕ ಖಂಡದಿಂದ ಜಪಾನಿನವರೆಗೂ ಈ ಜಾತಿಯು ಹರಡಿದೆ.

(ಆ) ಕಿರಿಯ ಸೂಜಿಚಿಟ್ಟೆ. ಇದರ ಹೆಸರು ಅಗ್ರಿಯೋಕ್ನೆಮಿಸ್ ಪಿಗ್ಮಿಯ. ಇದರ ಉದ್ದವು ಒಂದಂಗುಲಕ್ಕೂ ಕಡಿಮೆ. ಗಂಡಿನ ಎದೆಯ ಮೇಲೆ ಕಪ್ಪು ಹಸಿರು ಗೆರೆಗಳಿದ್ದು, ಬಾಲದ ತುದಿಯು ಇಟ್ಟಿಗೆಯ ಕೆಂಪಾಗಿರುತ್ತದೆ. ಹೆಣ್ಣು ಎಳೆಯದಾಗಿದ್ದಾಗ ಕೆಂಪಾಗಿ ಕಾಣುವುದುಂಟು. ಇದು ಪೈರಿನ ನೆತ್ತಿಗೆ ಏರುವುದು ಅಪರೂಪವಾದ ಕಾರಣ, ಹುಡುಕದೆ ಕಣ್ಣಿಗೆ ಬೀಳುವುದಿಲ್ಲ.

(ಇ) ಹಳದಿ ಸೂಜಿಚಿಟ್ಟೆ. ಸೆರಿಯಾಗ್ರಿಯಾನ್ ಕೋರಮಂಡಲಿಯಾನಮ್ ಎಂಬ ಈ ಜಾತಿಯ ಗಂಡಿನ ಹೊಟ್ಟೆಯು ಕಲೆಯಿಲ್ಲದ ಅರಿಸಿನದ ಬಣ್ಣ, ಎದೆಯು ಹಸಿರು. ಮೇಲಿನ ಎರಡಕ್ಕಿಂತಲೂ ದೊಡ್ಡದು.

ನಮ್ಮ ದೇಶದ ಈ ಕೀಟವರ್ಗವನ್ನು ವಿವರವಾಗಿ ಪರಿಶೋಧಿಸಿದವರಲ್ಲಿ ಸೈನ್ಯದ ವೈದ್ಯಾಧಿಕಾರಿಯಾಗಿದ್ದ ಎಫ್. ಸಿ. ಫ್ರೇಸರ್ ಎಂಬವರು ಮುಖ್ಯರು. ಅವರು ಕೊಡಗಿನ ಹೊಳೆಹಳ್ಳಗಳಲ್ಲಿಯೂ ಅನೇಕ ಜಾತಿಗಳನ್ನು ಸಂಗ್ರಹಿಸಿದರು. 1933, 1934 ಮತ್ತು 1936ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವರ ಗ್ರಂಥವನ್ನು ಈಗಲೂ ವಿದ್ವಾಂಸರು ಬಳಸುತ್ತಾರೆ.

3. ವಾಸಸ್ಥಳ

ಸೂಜಿಚಿಟ್ಟೆಗೆ ಎರಡು ವಸ್ತುಗಳು ಅವಶ್ಯಕ: ನಿಧಾನವಾಗಿ ಹರಿಯುವ ಅಥವಾ ನಿಂತ ನೀರು, ಮತ್ತು ಆ ನೀರಿನಿಂದ ಮೇಲೆದ್ದ ಹಸಿರು ಕಾಂಡ. ಕೆರೆಯಂಚಿನ ಜೊಂಡು, ಕಾಲುವೆಯ ಪಕ್ಕದ ಹುಲ್ಲು, ಕಟ್ಟೆ, ಕುಂಟೆ, ಬತ್ತದ ಗದ್ದೆ, ಇವೆಲ್ಲವೂ ಅದಕ್ಕೆ ಒಪ್ಪುತ್ತವೆ. ಆದರೆ ಇವುಗಳಲ್ಲಿ ಒಂದು ಭೇದವನ್ನು ಗಮನಿಸಬೇಕು. ಗದ್ದೆಯಲ್ಲಿ ನೀರು ನಿಲ್ಲುವುದು ವರ್ಷದಲ್ಲಿ ಕೆಲವೇ ತಿಂಗಳು. ಕುಯಿಲಿನ ನಂತರ ಗದ್ದೆಯು ಒಣಗಿದಾಗ ಈ ಹುಳುವಿನ ವಂಶವು ಉಳಿಯುವುದು ಕೆರೆಯಲ್ಲಿ, ಕುಂಟೆಯಲ್ಲಿ ಮತ್ತು ಬತ್ತದ ಕಾಲುವೆಯಲ್ಲಿ. ಮುಂದಿನ ನಾಟಿಗೆ ನೀರು ಕಟ್ಟಿದ ಕೂಡಲೆ ಅಲ್ಲಿಂದಲೇ ಅವು ಗದ್ದೆಗೆ ಬಂದು ಸೇರುತ್ತವೆ. ಕೆರೆಯು ಬಿತ್ತನೆಯ ಕಣಜವಿದ್ದಂತೆ, ಗದ್ದೆಯು ಹೊಲವಿದ್ದಂತೆ. ಕಣಜವು ಕೆಟ್ಟರೆ ಹೊಲದಲ್ಲಿ ಬೆಳೆಯಿಲ್ಲ.

4. ಜೀವನಕ್ರಮ

ಮೊಟ್ಟೆ. ಗಂಡು ಹೆಣ್ಣುಗಳು ಕೂಡುವಾಗ ಎರಡರ ಮೈಗಳೂ ಬಾಗಿ ಒಂದು ಬಳೆಯಂತೆ ಕಾಣುವುವು. ಅನಂತರ ಹೆಣ್ಣು ನೀರಿನ ಮಟ್ಟದ ಹತ್ತಿರ ಹಸಿರು ಕಾಂಡದ ಮೇಲೆ ಕುಳಿತು, ಹೊಟ್ಟೆಯ ತುದಿಯಲ್ಲಿರುವ ಹರಿತವಾದ ಅಂಗದಿಂದ ಕಾಂಡದಲ್ಲಿ ಸಣ್ಣ ಸೀಳು ಮಾಡಿ, ಒಂದೊಂದಾಗಿ ಮೊಟ್ಟೆಗಳನ್ನು ಒಳಗೆ ಸೇರಿಸುತ್ತದೆ. ಹಳದಿ ಜಾತಿಯಲ್ಲಿ ಈ ಕೆಲಸ ನಡೆಯುವಾಗ ಗಂಡು ಹೆಣ್ಣಿನ ಕತ್ತನ್ನು ಹಿಡಿದುಕೊಂಡೇ ಇರುವುದು. ನೀಲಿಬಾಲದ ಹೆಣ್ಣು ಒಂಟಿಯಾಗಿ ಮೊಟ್ಟೆಯಿಡುತ್ತದೆ. ಸೀಳು ಬಹು ಸೂಕ್ಷ್ಮವಾದುದರಿಂದ ಪೈರಿಗೆ ಇದರಿಂದ ಹಾನಿಯೆಂದು ಎಣಿಸಬೇಕಾದುದಿಲ್ಲ. ಬೆಚ್ಚನೆಯ ಹವೆಯಲ್ಲಿ ಒಂದೆರಡು ವಾರಗಳೊಳಗೆ ಮೊಟ್ಟೆಯೊಡೆದು ಮರಿಯು ನೀರಿಗಿಳಿಯುವುದು.

ಮರಿ. ಸೂಜಿಚಿಟ್ಟೆಯ ಬಾಲ್ಯವೆಲ್ಲವೂ ನೀರಿನೊಳಗೆಯೇ ಕಳೆಯುತ್ತದೆ. ಮರಿಯು ಕಂದು ಅಥವಾ ಹಸಿರು ಬಣ್ಣದ ತೆಳುವಾದ ಪ್ರಾಣಿ. ಅದಕ್ಕೆ ಆರು ಕಾಲುಗಳಿವೆ. ಬಾಲದಲ್ಲಿ ಎಲೆಯಂತಿರುವ ಮೂರು ಕಿವಿರುಗಳಿವೆ. ಆ ಮೂರು ಎಲೆಗಳೇ ಅದರ ಮುಖ್ಯ ಗುರುತು. ಉಸಿರಾಟಕ್ಕೆ ನೆರವಾಗುವುದಲ್ಲದೆ, ಈಜುವಾಗ ಹುಟ್ಟಿನಂತೆಯೂ ಅವು ಉಪಯೋಗಕ್ಕೆ ಬರುತ್ತವೆ.

ಮರಿಯು ಬೇಟೆಯಾಡುವ ರೀತಿಯು ಆಶ್ಚರ್ಯಕರವಾದುದು. ಅದರ ಕೆಳತುಟಿಯು ಉದ್ದವಾಗಿ ಬೆಳೆದು, ನಡುವೆ ಕೀಲುಳ್ಳದ್ದಾಗಿ, ತುದಿಯಲ್ಲಿ ಎರಡು ಕೊಕ್ಕೆಗಳನ್ನು ಹೊಂದಿರುತ್ತದೆ. ಸಾಧಾರಣವಾಗಿ ಅದು ಗಲ್ಲದ ಕೆಳಗೆ ಮಡಿಸಿಕೊಂಡಿರುವುದು. ಮರಿಯು ಕಾಂಡವನ್ನು ಹಿಡಿದು ಅಲುಗದೆ ಕಾದಿದ್ದು, ಸೊಳ್ಳೆಯ ಮರಿಯಾಗಲಿ ನೀರಿನ ಇತರ ಕ್ರಿಮಿಯಾಗಲಿ ಹತ್ತಿರ ಬಂದ ಕೂಡಲೆ, ಆ ತುಟಿಯನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಂದಕ್ಕೆ ಚಾಚಿ, ಕೊಕ್ಕೆಗಳಿಂದ ಹಿಡಿದು ಬಾಯಿಗೆ ಎಳೆದುಕೊಳ್ಳುತ್ತದೆ. ಬತ್ತದ ಗದ್ದೆಗಳಲ್ಲಿ ಮರಿಗಳು ಕೆಲವೊಮ್ಮೆ ನೀರಿನಿಂದ ಕಾಂಡದ ಮೇಲಕ್ಕೆ ಹತ್ತಿ ಎಳೆಯ ಜಿಗಿಹುಳುಗಳನ್ನು ಹುಡುಕುವುದನ್ನೂ ಪರಿಶೋಧಕರು ಕಂಡಿದ್ದಾರೆ.

ಬೆಳೆಯುತ್ತ ಬೆಳೆಯುತ್ತ ಮರಿಯು ಹತ್ತು ಸಲಕ್ಕೆ ಹೆಚ್ಚುಕಡಿಮೆಯಾಗಿ ಪೊರೆ ಬಿಡುತ್ತದೆ. ರೇಷ್ಮೆಹುಳುವಿಗೆ ಇರುವಂತಹ ಗೂಡಿನ ಅವಸ್ಥೆಯು ಇದಕ್ಕಿಲ್ಲ. ಪೊರೆಪೊರೆಗೂ ಬೆನ್ನಿನ ಮೇಲಿನ ರೆಕ್ಕೆಯ ಮೊಳಕೆಗಳು ದೊಡ್ಡವಾಗುತ್ತ ಬರುವುವು. ನಮ್ಮಂತಹ ಬೆಚ್ಚನೆಯ ನಾಡಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ಎರಡು ತಿಂಗಳೋ ಅದಕ್ಕೆ ಸ್ವಲ್ಪ ಹೆಚ್ಚೋ ಹಿಡಿಯುತ್ತದೆ.

ಪ್ರೌಢಾವಸ್ಥೆ. ಪೂರ್ಣವಾಗಿ ಬೆಳೆದ ಮರಿಯು ಕಾಂಡವನ್ನೇರಿ ನೀರಿನಿಂದ ಹೊರಬಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆನ್ನಿನ ಚರ್ಮವು ಬಿರಿದು, ಒಳಗಿನಿಂದ ರೆಕ್ಕೆಯುಳ್ಳ ಹುಳುವು ಮೆಲ್ಲಮೆಲ್ಲನೆ ಈಚೆಗೆ ಬರುವುದು. ಆಗ ಅದರ ಮೈ ಮೆತ್ತಗೆ, ಬಣ್ಣ ಮಂಕು, ಹಾರುವ ಶಕ್ತಿ ಅತ್ಯಲ್ಪ. ಹಕ್ಕಿಗೂ ಕಪ್ಪೆಗೂ ಜೇಡಕ್ಕೂ ಸುಲಭವಾಗಿ ತುತ್ತಾಗುತ್ತದೆ. ಬದುಕಿ ಉಳಿದವುಗಳಿಗೆ ಕೆಲವು ದಿವಸಗಳಲ್ಲಿ ನಿಜವಾದ ಬಣ್ಣ ಬರುವುದು. ರೆಕ್ಕೆ ಬಂದ ಹುಳುವಿನ ಆಯುಸ್ಸು ಕೆಲವೇ ವಾರಗಳು. ಖಾಲಿಯಾದ ಪೊರೆಯು ಕಾಂಡದ ಮೇಲೆ ಅಂಟಿಕೊಂಡೇ ಇರುತ್ತದೆ. ಗದ್ದೆಯಲ್ಲಿ ಇಂತಹ ಪೊರೆಗಳು ಕಂಡುಬಂದರೆ, ಸೂಜಿಚಿಟ್ಟೆಗಳು ಹೊರಗಿನಿಂದ ಹಾರಿ ಬಂದುವಲ್ಲದೆ ಅಲ್ಲಿಯೇ ಬೆಳೆದುವೂ ಇವೆಯೆಂದು ನಿಶ್ಚಯವಾಗಿ ತಿಳಿಯಬಹುದು.

5. ಯುರೋಪಿನ ಸೋದರ ಜಾತಿ

ನಮ್ಮ ನೀಲಿಬಾಲದ ಹುಳುವಿಗೆ ಯುರೋಪ್ ಖಂಡದಲ್ಲಿ ಅದೇ ಕುಲದ ಒಂದು ಸೋದರ ಜಾತಿಯುಂಟು. ಇಷ್ನೂರ ಎಲೆಗನ್ಸ್ ಎಂಬ ಹೆಸರಿನ ಅದನ್ನು ಬೆಲ್ಜಿಯಂ ದೇಶದ ವಾಂಡರ್ ಲಿಂಡೆನ್ ಎಂಬ ವಿದ್ವಾಂಸರು 1820ರಲ್ಲಿ ಮೊದಲು ವರ್ಣಿಸಿದರು. ರೂಪದಲ್ಲಿ ಎರಡಕ್ಕೂ ಹೋಲಿಕೆಯು ಬಹಳ: ಅದೇ ಕಪ್ಪು ಹೊಟ್ಟೆ, ತುದಿಯಲ್ಲಿ ಅದೇ ನೀಲಿ ಪಟ್ಟಿ, ಹೆಣ್ಣುಗಳಲ್ಲಿ ಅದೇ ಬಣ್ಣದ ಭೇದಗಳು. ಆದರೆ ಚಳಿಯು ಅದರ ಜೀವನವನ್ನು ನಿಧಾನಗೊಳಿಸುತ್ತದೆ. ಬ್ರಿಟನ್ನಿನಲ್ಲಿ ಮರಿಗಳು ಚಳಿಗಾಲವನ್ನೆಲ್ಲಾ ನೀರಿನ ತಳದಲ್ಲಿ ಕಳೆದು, ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ರೆಕ್ಕೆಯುಳ್ಳವಾಗಿ ಹಾರಾಡುತ್ತವೆ. ಒಂದು ಪೀಳಿಗೆಗೆ ಒಂದು ವರ್ಷ, ಉತ್ತರದ ತಂಪುನೆಲದಲ್ಲಿ ಎರಡು ವರ್ಷ ಬೇಕಾಗುವುದುಂಟು. ಖಂಡದ ದಕ್ಷಿಣ ಭಾಗದಲ್ಲಿಯಾದರೋ ಅದೇ ಹುಳುವು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪೀಳಿಗೆಗಳನ್ನು ಮುಗಿಸುತ್ತದೆ. ನೀರಿನ ಉಷ್ಣವು ಹೆಚ್ಚಿದಷ್ಟೂ ಬೆಳವಣಿಗೆಯು ಚುರುಕಾಗುವುದೆಂಬುದು ಇದರಿಂದ ಸ್ಪಷ್ಟವಾಗುವುದು. ನಮ್ಮ ನಾಡಿನಲ್ಲಿ ಒಂದು ಬತ್ತದ ಬೆಳೆಯ ಅವಧಿಯೊಳಗೇ ಈ ಹುಳುವು ಹುಟ್ಟಿ ಬೆಳೆದು ಮೊಟ್ಟೆಯಿಡಲು ಸಾಧ್ಯವಾಗಿರುವುದು ಈ ಉಷ್ಣದಿಂದಲೇ.

6. ಬೆಳೆಗೆ ಆಗುವ ಸಹಾಯ

ಬತ್ತಕ್ಕೆ ಬರುವ ಪೀಡೆಗಳಲ್ಲಿ ಕಂದು ಜಿಗಿಹುಳುವು ಅತ್ಯಂತ ಭಯಂಕರವಾದುದು. ಅದು ನೀರಿನ ಮಟ್ಟಕ್ಕೆ ಸಮೀಪವಾಗಿ ಪೈರಿನ ಬುಡದಲ್ಲಿ ಗುಂಪುಗೂಡಿ ರಸವನ್ನು ಹೀರುತ್ತದೆ. ಹೆಚ್ಚಾದಾಗ ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಪೈರು ಒಣಗಿ ಹೋಗುವುದು. ಔಷಧಿಯನ್ನು ಮೇಲಿನಿಂದ ಸಿಂಪಡಿಸಿದರೆ ಎಲೆಗಳ ಮೇಲೆ ಬೀಳುವಷ್ಟು ಸುಲಭವಾಗಿ ಬುಡಕ್ಕೆ ಇಳಿಯುವುದಿಲ್ಲ. ಆದರೆ ಕಿರಿಯ ಸೂಜಿಚಿಟ್ಟೆಯ ಸಂಚಾರಸ್ಥಳವು ಆ ಬುಡವೇ. ಎಲೆಗಳ ಮರೆಯಲ್ಲಿ ಹಾರುತ್ತ, ಕಾಂಡದ ಮೇಲೆ ಕುಳಿತ ಜಿಗಿಹುಳುಗಳನ್ನೂ ಹಾರುವ ಸಣ್ಣ ಕೀಟಗಳನ್ನೂ ಅದು ಹಿಡಿಯುತ್ತದೆ. ಹೀಗೆ ನೀರಿನೊಳಗೆ ಮರಿಯು, ನೀರಿನ ಮೇಲೆ ಬಲಿತ ಹುಳುವು, ಎರಡೂ ಕಾವಲಿರುವುವು.

ಇದೊಂದೇ ಹುಳುವು ಬೆಳೆಯನ್ನು ಕಾಪಾಡಬಲ್ಲುದೆಂದು ಹೇಳುವುದು ಅತಿಶಯೋಕ್ತಿಯಾದೀತು. ಜೇಡಗಳು ಮತ್ತು ಜಿಗಿಹುಳುವಿನ ಮೊಟ್ಟೆಯನ್ನು ಹೀರುವ ಹಸಿರು ತಿಗಣೆಗಳು ಇದಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಸೂಜಿಚಿಟ್ಟೆಯು ಆ ಸೈನ್ಯದ ಒಬ್ಬ ಸಿಪಾಯಿ. ಆದರೆ ಇತರರಿಗಿಂತ ಇದು ಸುಲಭವಾಗಿ ಗುರುತಿಗೆ ಸಿಕ್ಕುವುದರಿಂದ, ಇದು ಇರುವ ಗದ್ದೆಯಲ್ಲಿ ಇತರ ಮಿತ್ರರೂ ಉಳಿದಿರಬಹುದೆಂದು ಊಹಿಸಲು ಆಧಾರವಾಗುತ್ತದೆ.

ಸೊಳ್ಳೆಯ ವಿಷಯದಲ್ಲಿಯೂ ಈ ಕೀಟವರ್ಗದ ಉಪಯೋಗವು ಪರೀಕ್ಷೆಯಿಂದ ತಿಳಿದುಬಂದಿದೆ. ಬರ್ಮಾದೇಶದ ರಂಗೂನ್ ನಗರದಲ್ಲಿ, ಮನೆಗಳ ನೀರಿನ ತೊಟ್ಟಿಗಳಿಗೆ ದೊಡ್ಡ ಏರೋಪ್ಲೇನ್ ಚಿಟ್ಟೆಯ ಒಂದು ಜಾತಿಯ ಮರಿಗಳನ್ನು ಬಿಟ್ಟಾಗ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಬಹಳವಾಗಿ ಕಡಿಮೆಯಾಯಿತೆಂದು 1990ರಲ್ಲಿ ಪ್ರಕಟಿಸಲಾಯಿತು.

7. ಔಷಧಿಯಿಂದ ಆಗುವ ವಿಪರೀತ

ಇಲ್ಲಿ ರೈತರು ಮನಸ್ಸಿಟ್ಟು ಯೋಚಿಸಬೇಕಾದ ಒಂದು ಲೆಕ್ಕವಿದೆ. ಕಂದು ಜಿಗಿಹುಳುವು ಮೊಟ್ಟೆಗಳನ್ನು ಎಲೆಯ ತೊಗಟೆಯ ಒಳಗೆ ಇಡುತ್ತದೆ. ಸಿಂಪಡಿಸಿದ ಔಷಧಿಯು ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಹೊರಗಿದ್ದ ಜಿಗಿಹುಳುಗಳ ಜೊತೆಗೆ ಜೇಡ, ತಿಗಣೆ, ಸೂಜಿಚಿಟ್ಟೆ ಮತ್ತು ನೀರಿನೊಳಗಿನ ಅದರ ಮರಿ ಇವೆಲ್ಲವೂ ಸಾಯುತ್ತವೆ. ಒಂದು ವಾರ ಅಥವಾ ಹತ್ತು ದಿವಸಗಳೊಳಗೆ ಉಳಿದ ಮೊಟ್ಟೆಗಳು ಒಡೆದು ಮರಿಗಳು ಹೊರಬರುವಾಗ ಗದ್ದೆಯಲ್ಲಿ ಅವುಗಳನ್ನು ತಿನ್ನುವವರಿಲ್ಲ. ಜಿಗಿಹುಳುವಿನ ಒಂದು ಪೀಳಿಗೆಗೆ ಸುಮಾರು ಒಂದು ತಿಂಗಳು ಸಾಕು. ಸೂಜಿಚಿಟ್ಟೆಗೆ ಎರಡು ತಿಂಗಳಿಗೂ ಮೇಲೆ ಬೇಕು. ಎಂದರೆ, ಒಂದೇ ಪೆಟ್ಟಿನಿಂದ ಇಬ್ಬರೂ ಬಿದ್ದರೆ ಹಗೆಯು ಮೊದಲು ಏಳುವನು, ಮಿತ್ರನು ಏಳುವಷ್ಟರಲ್ಲಿ ಬೆಳೆಯೇ ಮುಗಿದಿರುವುದು.

ಇದು ಬರಿಯ ಊಹೆಯಲ್ಲ. ಇಂಡೊನೇಷ್ಯ ದೇಶದಲ್ಲಿ ಔಷಧಿಯನ್ನು ಹೆಚ್ಚಾಗಿ ಬಳಸಿದ ಗದ್ದೆಗಳಲ್ಲಿಯೇ ಕಂದು ಜಿಗಿಹುಳುವು ಮತ್ತೆ ಮತ್ತೆ ಉಲ್ಬಣಿಸಿದುದರಿಂದ, ಅಲ್ಲಿನ ಸರ್ಕಾರವು 1986ರಲ್ಲಿ ಬತ್ತಕ್ಕೆ ಬಳಸುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು. ವಿಯಟ್ನಾಮಿನ ಮೆಕಾಂಗ್ ನದಿಯ ಮುಖಜ ಭೂಮಿಯಲ್ಲಿ, ಬಿತ್ತಿದ ಮೊದಲಿನ 40 ದಿವಸ ಕೀಟನಾಶಕವನ್ನು ಹೊಡೆಯಬಾರದೆಂಬ ಪ್ರಚಾರವನ್ನು 1994ರಲ್ಲಿ ಆರಂಭಿಸಿದರು. ರೈತರು ಸಿಂಪಡಿಸುವ ಸಲಗಳು ಬಹಳವಾಗಿ ಇಳಿದುವು. ಎಳೆಯ ಪೈರಿನ ಎಲೆಯನ್ನು ಹುಳು ಸ್ವಲ್ಪ ತಿಂದರೂ, ಪೈರು ಹೊಸ ತೆಂಡೆಗಳನ್ನೊಡೆದು ಆ ನಷ್ಟವನ್ನು ತುಂಬಿಕೊಳ್ಳುವುದೆಂಬುದೇ ಆ ಸಲಹೆಗೆ ಆಧಾರ. ಜಪಾನಿನಲ್ಲಿ 1990ರ ದಶಕದ ಕೊನೆಯಿಂದ ಸಸಿಯ ಪೆಟ್ಟಿಗೆಗಳಿಗೆ ಫಿಪ್ರೊನಿಲ್ ಮೊದಲಾದ ಔಷಧಿಗಳನ್ನು ಹಾಕುವ ಪದ್ಧತಿಯು ಹಬ್ಬಿದ ಮೇಲೆ, ಗದ್ದೆಗಳಲ್ಲಿ ಹುಟ್ಟುತ್ತಿದ್ದ ಕೆಂಪು ಏರೋಪ್ಲೇನ್ ಚಿಟ್ಟೆಗಳು ಅನೇಕ ಕಡೆ ಅತಿಯಾಗಿ ಕಡಿಮೆಯಾದುವು. ಆ ಔಷಧಿಗಳೇ ಇದಕ್ಕೆ ಒಂದು ಮುಖ್ಯ ಕಾರಣವೆಂದು ಅಲ್ಲಿನ ಪರಿಶೋಧಕರು ತೋರಿಸಿದ್ದಾರೆ.

8. ರೈತರು ಮಾಡತಕ್ಕ ಕೆಲಸಗಳು

(1) ನಾಟಿಯಾದ ಮೊದಲಿನ ಐದಾರು ವಾರಗಳಲ್ಲಿ, ನೆರೆಯವರು ಹೊಡೆದರೆಂಬ ಕಾರಣದಿಂದಾಗಲಿ ಮುಂಜಾಗ್ರತೆಯೆಂಬ ಹೆಸರಿನಿಂದಾಗಲಿ ಕೀಟನಾಶಕವನ್ನು ಸಿಂಪಡಿಸಬಾರದು. ಮೊದಲು ಗದ್ದೆಗಿಳಿದು ನೋಡಬೇಕು.

(2) ವಾರಕ್ಕೊಮ್ಮೆ ಬೆಳಗ್ಗೆ ಗದ್ದೆಯ ನಾಲ್ಕಾರು ಕಡೆಗಳಲ್ಲಿ ಬುಡಗಳನ್ನು ಬಗ್ಗಿಸಿ, ಜಿಗಿಹುಳುಗಳೆಷ್ಟು, ಜೇಡ ಮತ್ತು ಸೂಜಿಚಿಟ್ಟೆಗಳೆಷ್ಟು ಎಂದು ಎಣಿಸಬೇಕು. ಜಿಗಿಹುಳುವು ಏರುತ್ತಲೇ ಹೋಗಿ ಬುಡಕ್ಕೆ ಹತ್ತನ್ನು ಮೀರುವಂತಿದ್ದರೆ, ಕೃಷಿ ಇಲಾಖೆಯ ಅಧಿಕಾರಿಯನ್ನು ವಿಚಾರಿಸಿ, ಅವರು ಹೇಳಿದ ಔಷಧಿಯನ್ನು ಹೇಳಿದ ಪ್ರಮಾಣದಲ್ಲಿ, ಬುಡಕ್ಕೆ ತಾಗುವಂತೆ, ಹುಳು ಕಂಡ ಭಾಗಕ್ಕೆ ಮಾತ್ರ ಹೊಡೆಯತಕ್ಕದ್ದು.

(3) ಜಿಗಿಹುಳುವು ಹೆಚ್ಚಿದಾಗ ಕೆಲವು ದಿವಸ ನೀರನ್ನು ಬಸಿಯಬೇಕೆಂಬ ಸಲಹೆಯು ಸರಿಯಾದುದೇ. ಆದರೆ ಗದ್ದೆಯನ್ನು ಪೂರ್ಣವಾಗಿ ಒಣಗಿಸಿದರೆ ಸೂಜಿಚಿಟ್ಟೆಯ ಮರಿಗಳೂ ಸಾಯುವುವು. ಆದುದರಿಂದ ಬದುವಿನ ಪಕ್ಕದಲ್ಲಿ ಮೊಳದಗಲದ ಒಂದು ಸಣ್ಣ ಕಾಲುವೆಯನ್ನು ಸ್ವಲ್ಪ ಆಳವಾಗಿ ತೆಗೆದಿಟ್ಟರೆ, ನೀರಿಳಿದಾಗ ಮರಿಗಳಲ್ಲಿ ಕೆಲವಾದರೂ ಅದರೊಳಗೆ ಉಳಿದುಕೊಳ್ಳುವುವು.

(4) ಯೂರಿಯ ಗೊಬ್ಬರವನ್ನು ಮಿತಿಮೀರಿ ಹಾಕಬಾರದು. ಅತಿಯಾಗಿ ಸೊಕ್ಕಿದ ಪೈರು ಜಿಗಿಹುಳುವಿಗೆ ಪ್ರಿಯ. ನಾಟಿಯಲ್ಲಿ ಎರಡು ಮೂರು ಮೀಟರಿಗೆ ಒಂದರಂತೆ ಅಡಿಯಗಲದ ಓಣಿಯನ್ನು ಬಿಟ್ಟರೆ ಗಾಳಿ ಬೆಳಕುಗಳು ಬುಡಕ್ಕೆ ತಲುಪುವುವು. ಪರೀಕ್ಷಿಸಿ ನೋಡುವುದಕ್ಕೂ ಅನುಕೂಲ.

(5) ಗ್ರಾಮದ ಮುಖಂಡರು ಕೆರೆಯ ವಿಷಯದಲ್ಲಿ ಎಚ್ಚರವಹಿಸಬೇಕು. ಔಷಧಿಯ ಡಬ್ಬಗಳನ್ನೂ ಸಿಂಪಡಿಸುವ ಯಂತ್ರಗಳನ್ನೂ ಕೆರೆ ಕಾಲುವೆಗಳಲ್ಲಿ ತೊಳೆಯಲು ಯಾರಿಗೂ ಬಿಡಬಾರದು. ಒಬ್ಬನ ಅಜಾಗರೂಕತೆಯು ಊರಿನ ಎಲ್ಲರ ಗದ್ದೆಗಳಿಗೂ ನಷ್ಟವನ್ನುಂಟುಮಾಡುವುದು. ಹೂಳೆತ್ತುವಾಗ ಅಂಚಿನ ಜೊಂಡನ್ನೆಲ್ಲಾ ಒಂದೇ ಸಲಕ್ಕೆ ತೆಗೆಯದೆ, ಒಂದು ಪಕ್ಕದಲ್ಲಿ ಸ್ವಲ್ಪ ಉಳಿಸುವುದು ಉತ್ತಮ.

9. ಒಂದು ಸುಲಭ ಪರೀಕ್ಷೆ

ಹೇಳಿದುದನ್ನು ನಂಬುವುದಕ್ಕಿಂತ ಕಣ್ಣಾರೆ ನೋಡುವುದು ಮೇಲು. ಗದ್ದೆಯ ಮೂಲೆಯ ನೀರನ್ನು ಒಂದು ಜರಡಿಯಿಂದ ಬುಡದ ಬಳಿ ಮೆಲ್ಲಗೆ ಸೋಸಿ, ಬಾಲದಲ್ಲಿ ಮೂರು ಎಲೆಗಳುಳ್ಳ ಮರಿಯನ್ನು ಆರಿಸಬೇಕು. ಬಾಲದಲ್ಲಿ ಮೂರು ಕೂದಲೆಳೆಗಳಿದ್ದರೆ ಅದು ಬೇರೆ ಪ್ರಾಣಿ. ಆ ಮರಿಯನ್ನು ಗದ್ದೆಯ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ, ಒಂದು ಹುಲ್ಲುಕಡ್ಡಿಯನ್ನು ನಿಲ್ಲಿಸಿ, ಒಂಟಿಯಾಗಿ ಇಡಬೇಕು. ಎರಡನ್ನು ಜೊತೆಯಲ್ಲಿಟ್ಟರೆ ದೊಡ್ಡದು ಚಿಕ್ಕದನ್ನು ತಿನ್ನಬಹುದು. ಅನಂತರ ನಾಲ್ಕೈದು ಸೊಳ್ಳೆಯ ಮರಿಗಳನ್ನು ಎಣಿಸಿ ಬಿಟ್ಟು, ಮಾರನೆಯ ದಿವಸ ಪುನಃ ಎಣಿಸಬೇಕು. ಊರಿನ ಪಾಠಶಾಲೆಯ ಹುಡುಗರಿಗೆ ಇದನ್ನು ತೋರಿಸಿದರೆ, ಏರೋಪ್ಲೇನ್ ಚಿಟ್ಟೆಗಳ ಬಾಲಕ್ಕೆ ದಾರ ಕಟ್ಟಿ ಆಡುವ ಅಭ್ಯಾಸವನ್ನು ಅವರೇ ಬಿಟ್ಟಾರು. ಪರೀಕ್ಷೆಯು ಮುಗಿದಮೇಲೆ ಮರಿಯನ್ನು ಅದರ ಗದ್ದೆಗೇ ಬಿಡತಕ್ಕದ್ದು.

10. ಸಾರಾಂಶ

ಸೂಜಿಚಿಟ್ಟೆಯು ಬೆಳೆಯನ್ನು ತಿನ್ನುವ ಹುಳುವಲ್ಲ, ಬೆಳೆಯ ಹಗೆಗಳನ್ನು ತಿನ್ನುವ ಹುಳು. ಅದರ ಮೊಟ್ಟೆಯು ಹಸಿರು ಕಾಂಡದಲ್ಲಿ, ಬಾಲ್ಯವು ಗದ್ದೆಯ ನೀರಿನಲ್ಲಿ, ಬೇಟೆಯು ಪೈರಿನ ಬುಡದಲ್ಲಿ ನಡೆಯುತ್ತದೆ. ನಾಟಿಯ ತಿಂಗಳಲ್ಲಿ ಮೊಟ್ಟೆಯಾಗಿದ್ದುದು ತೆನೆ ಹೊರಡುವ ಕಾಲಕ್ಕೆ ಕಾವಲುಗಾರನಾಗುತ್ತದೆ. ಆ ನಡುವಣ ಎರಡು ತಿಂಗಳು ಅದು ಬದುಕುವುದೂ ಸಾಯುವುದೂ ನೀರನ್ನು ಆಳುವ ರೈತನ ಕೈಯಲ್ಲಿದೆ. ಆದಕಾರಣ ಔಷಧಿಯ ಡಬ್ಬದ ಮುಚ್ಚಳವನ್ನು ತೆರೆಯುವ ಮೊದಲು, ಒಂದು ಸಲ ಬದುವಿನ ಮೇಲೆ ಕುಳಿತು ಪೈರಿನ ಬುಡವನ್ನು ಬಗ್ಗಿಸಿ ನೋಡಬೇಕೆಂದು ರೈತರೆಲ್ಲರಿಗೂ ಸೂಚಿಸಲಾಗಿದೆ.